ಸಾಕೆಟ್ ಒಂದೇ ಇದ್ದರೆ ಸಾಲದು

ಭಾರಿ ಕೆಲಸದ ಕಂಪ್ಯೂಟರ್‌ಗಳಾದ ವರ್ಕ್‌ಸ್ಟೇಷನ್ ಜೋಡಿಸುವುದು, ದುರಸ್ತಿ ಮಾಡುವುದು ನನ್ನ ಕೆಲಸ. ಸರ್ವರ್‌ಗಳಿಂದ ಬಿಚ್ಚಿದ, ಇಂಟೆಲ್‌ನ ಹಳೆಯ ಜಿಯಾನ್ ಪ್ರೊಸೆಸರ್‌ಗಳು ಅಗ್ಗವಾದ ಮೇಲೆ ಬಂದವರೆಲ್ಲ ಕೇಳುವುದು ಒಂದೇ ಮಾತು: "ಸಾಕೆಟ್ ಒಂದೇ ಅಲ್ಲವೇ, ಕೂರುತ್ತದೆ ತಾನೆ?" ಕೂರುತ್ತದೆ. ಆದರೆ ಸಾಕೆಟ್ ಎಂದರೆ ಮದರ್‌ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ ಮಾತ್ರ; ಕೂತದ್ದೆಲ್ಲ ಓಡುವುದಿಲ್ಲ.

ಈಚೆಗೆ ವಿಡಿಯೊ ಸಂಕಲನ ಮಾಡುವವರೊಬ್ಬರು ಎಕ್ಸ್99 ಚಿಪ್‌ಸೆಟ್ (ಬೋರ್ಡಿನ ಮೇಲಿನ ನಿಯಂತ್ರಕ ಚಿಪ್) ಇರುವ ಬೋರ್ಡಿನ ಯಂತ್ರ ತಂದಿದ್ದರು. ಆರು ಕೋರ್‌ಗಳ ಐ7-5820ಕೆ ತೆಗೆದು, 14 ಕೋರ್‌ಗಳ ಜಿಯಾನ್ ಇ5-2680 ವಿ4 ಹಾಕಿದ್ದರು. ಎರಡರ ಸಾಕೆಟ್ಟೂ ಎಲ್‌ಜಿಎ 2011-3. ಫ್ಯಾನ್ ತಿರುಗುತ್ತಿತ್ತು, ಪರದೆ ಮಾತ್ರ ಕಪ್ಪು. ಮಾರಿದವನು ಕೆಟ್ಟ ಮಾಲು ಕೊಟ್ಟ ಎಂದು ಅವರಿಗೆ ಸಿಟ್ಟು. ಪ್ರೊಸೆಸರ್ ಚೆನ್ನಾಗಿಯೇ ಇತ್ತು. ಎಕ್ಸ್99 ಬಂದದ್ದು 2014ರಲ್ಲಿ, ವಿ4 ಸರಣಿ 2016ರಲ್ಲಿ. ಬೋರ್ಡಿನಲ್ಲಿದ್ದ ಹಳೆಯ ಬಯೋಸ್‌ನಲ್ಲಿ (ಯಂತ್ರವನ್ನು ಮೊದಲು ಎಬ್ಬಿಸುವ ತಂತ್ರಾಂಶ) ಈ ಪ್ರೊಸೆಸರ್‌ಗೆ ಬೇಕಾದ ಮೈಕ್ರೋಕೋಡ್ ಎಂಬ ಸೂಚನೆಗಳು ಇರಲಿಲ್ಲ, ಅಷ್ಟೆ. ಹಳೆಯ ಪ್ರೊಸೆಸರನ್ನು ಮರಳಿ ಕೂರಿಸಿ, ಬಯೋಸ್ ನವೀಕರಿಸಿ, ಮತ್ತೆ ಜಿಯಾನ್ ಹಾಕಿದೆ. ಪರದೆ ಬೆಳಗಿತು, 14 ಕೋರ್‌ಗಳೂ ಕಾಣಿಸಿದವು. ಬೋರ್ಡ್ ತಯಾರಕರ ಪ್ರೊಸೆಸರ್ ಪಟ್ಟಿಯಲ್ಲಿ ಪ್ರತಿ ಮಾದರಿಯ ಎದುರು ಬೇಕಾದ ಬಯೋಸ್ ಆವೃತ್ತಿ ಬರೆದಿರುತ್ತದೆ. ದುಡ್ಡು ಕೊಡುವ ಮೊದಲು ಆ ಸಾಲನ್ನು ಓದಿ ಎಂದು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ.

ಮೆಮೊರಿಯದು ಇನ್ನೊಂದು ತಕರಾರು. ಅವರ ಬಳಿ ಮೊದಲಿನ ಸಾದಾ ಡಿಡಿಆರ್4 ಜೊತೆಗೆ ಸರ್ವರಿನ, ಸಂಕೇತಗಳನ್ನು ನಡುವೆ ಹಿಡಿದು ಕಳಿಸುವ ಚಿಪ್ ಇರುವ, ರಿಜಿಸ್ಟರ್ಡ್ ರ‍್ಯಾಮ್ ಕೂಡ ಇತ್ತು. ಇವೆರಡನ್ನು ಬೆರೆಸುವಂತಿಲ್ಲ. ರಿಜಿಸ್ಟರ್ಡ್ ರ‍್ಯಾಮನ್ನು ಒಪ್ಪುವ ಎಕ್ಸ್99 ಬೋರ್ಡುಗಳೂ ಎಲ್ಲವಲ್ಲ, ಕೆಲವೇ.

ವೇಗದ ವಿಷಯವನ್ನೂ ಮುಚ್ಚಿಡಲಿಲ್ಲ. ಈ ಜಿಯಾನ್ ಎಷ್ಟೇ ಜಗ್ಗಿದರೂ 3.3 ಗಿಗಾಹರ್ಟ್ಸ್ ದಾಟುವುದಿಲ್ಲ, ಹಳೆಯದು 3.6ರವರೆಗೆ ಹೋಗುತ್ತಿತ್ತು. ಎಲ್ಲ ಕೋರ್‌ಗಳನ್ನೂ ದುಡಿಸುವ ರೆಂಡರಿಂಗ್‌ಗೆ ಹೊಸದು ಲಾಭ, ಒಂದೆರಡು ಕೋರ್‌ಗಳ ಮೇಲೆಯೇ ನಿಂತ ಕೆಲಸಕ್ಕೆ ಹಳೆಯದೇ ವಾಸಿ.

2011-3ರಲ್ಲಿ ಬಯೋಸ್‌ನಿಂದ ಬಗೆಹರಿದದ್ದು ಬೇರೆಡೆ ಬಗೆಹರಿಯುವುದಿಲ್ಲ. ಎಲ್‌ಜಿಎ 2066 ಸಾಕೆಟ್ಟಿನಲ್ಲಿ ಜಿಯಾನ್ ಡಬ್ಲ್ಯೂ-2100ಕ್ಕೆ ಸಿ422 ಚಿಪ್‌ಸೆಟ್ಟೇ ಬೇಕು. ಅದೇ ಸಾಕೆಟ್ಟಿನ ಎಕ್ಸ್299 ಚಿಪ್‌ಸೆಟ್ಟಿನಲ್ಲಿ ಅದು ನಡೆಯದು. ಎಎಂಡಿ ಕಂಪನಿಯ ಸರ್ವರ್ ಪ್ರೊಸೆಸರ್ ಎಪಿಕ್‌ನ ಆರಂಭದ ತಲೆಮಾರುಗಳು ಮತ್ತು ಮೇಜಿನ ಕಂಪ್ಯೂಟರ್‌ಗಳ ಮೊದಲ ಥ್ರೆಡ್‌ರಿಪ್ಪರ್, ಎರಡರಲ್ಲೂ 4094 ಸಂಪರ್ಕಗಳು, ಆದರೂ ಒಂದರ ಬೋರ್ಡಿನಲ್ಲಿ ಇನ್ನೊಂದು ಓಡುವುದಿಲ್ಲ. ಕೆಲವು ಎಪಿಕ್‌ಗಳನ್ನಂತೂ ಸರ್ವರ್ ತಯಾರಕರು ಭದ್ರತೆಗೆಂದು ತಮ್ಮ ಬೋರ್ಡುಗಳಲ್ಲಿ ಮಾತ್ರ ಓಡುವಂತೆ ಶಾಶ್ವತವಾಗಿ ಲಾಕ್ ಮಾಡಿರುತ್ತಾರೆ. ಹಾಗಾಗಿ ಹಳೆಯ ಎಪಿಕ್ ಕೊಳ್ಳುವವರು ಅದನ್ನು ಯಾವ ಸರ್ವರ್‌ನಿಂದ ಬಿಚ್ಚಿದ್ದು ಎಂದು ಮಾರುವವರಿಂದ ಬರೆಸಿಕೊಳ್ಳಿ; ಓಡದಿದ್ದರೆ ಹಿಂದಕ್ಕೆ ಪಡೆಯುತ್ತಾರೆಯೇ ಎಂಬುದನ್ನೂ.