ಹಳೆಯ ಕಾದಂಬರಿ, ಹದಿನಾರಾಣೆ ಲೆಕ್ಕ

ಶಿರಸಿ, 14 ಜುಲೈ 2024, ಭಾನುವಾರ

ಹಳೆಯ ಕಾದಂಬರಿಗಳು ಈಗಿನವರಿಗೆ ರುಚಿಸುವುದಿಲ್ಲ ಎನ್ನುವವರು ಭಾಷೆಯನ್ನು ದೂರುತ್ತಾರೆ, ಇಲ್ಲವೇ ಪುಸ್ತಕದ ಗಾತ್ರವನ್ನು. ಓದುಗ ಎಡವುವುದು ಅಲ್ಲಲ್ಲ, ಲೆಕ್ಕಾಚಾರದಲ್ಲಿ. ಗೇಣಿ ಎಂದರೇನು, ಒಕ್ಕಲೆಬ್ಬಿಸಿದರೆ ಏನಾಗುತ್ತದೆ, ನಾಲ್ಕಾಣೆಗೆ ಎಷ್ಟು ಬೆಲೆ ಎಂಬುದು ಗೊತ್ತಿಲ್ಲದಿದ್ದರೆ ಶಿವರಾಮ ಕಾರಂತರ ‘ಚೋಮನ ದುಡಿ’ (1933) ಬರೀ ಗೋಳಿನ ಕಥೆ. ಚೋಮನ ಹತ್ತಿರ ಎತ್ತುಗಳಿವೆ, ತೋಳಿನಲ್ಲಿ ಬಲವಿದೆ. ಗೇಣಿಗೆ, ಅಂದರೆ ಧಣಿಗೆ ಬೆಳೆಯ ಪಾಲು ಕೊಟ್ಟು ಉಳುವುದಕ್ಕೆ, ಒಂದು ತುಂಡು ಗದ್ದೆ ಮಾತ್ರ ಸಿಗುವುದಿಲ್ಲ, ಜಾತಿ ಅಡ್ಡ ನಿಂತಿದೆ. ಕಥೆಯ ಇಡೀ ಭಾರ ಈ ಒಂದು ತಡೆಯ ಮೇಲೆ ಕೂತಿದೆ.

1974ರ ಭೂಸುಧಾರಣೆಯಿಂದ ನಮ್ಮಲ್ಲಿ ಗೇಣಿ ಹೋಯಿತು. ದಿನಕರ ದೇಸಾಯಿಯವರ ರೈತ ಹೋರಾಟ ಕಂಡ ಅಂಕೋಲೆಯ ಅಜ್ಜಂದಿರಿಗೆ ಇದನ್ನು ವಿವರಿಸಬೇಕಿಲ್ಲ, ಮೊಮ್ಮಕ್ಕಳಿಗೆ ವಿವರಿಸಲೇಬೇಕು. ಪುಸ್ತಕ ಕೊಡುವಾಗ ಜೊತೆಗೊಂದು ಅರ್ಧ ಪುಟದ ಚೀಟಿ ಇಟ್ಟರೆ ಸಾಕು: ರೂಪಾಯಿಗೆ 16 ಆಣೆ, ಆಣೆಗೆ 12 ಪೈ, 1957ರ ಏಪ್ರಿಲ್‌ನಲ್ಲಿ ನಯಾಪೈಸೆ ಬರುವವರೆಗೂ ಇದೇ ಲೆಕ್ಕ, ಭೂಮಿ ಧಣಿಯದು, ದುಡಿಮೆ ಒಕ್ಕಲಿನದು, ಬೆಳೆ ಕೈಕೊಟ್ಟರೂ ಗೇಣಿ ತಪ್ಪುವುದಿಲ್ಲ. ಇಪ್ಪತ್ತು ಪುಟಗಳ ವಿಮರ್ಶೆಯ ಮುನ್ನುಡಿಗಿಂತ ಈ ಚೀಟಿಯ ಉಪಯೋಗ ಹೆಚ್ಚು.

ಕಾರಂತರದೇ ‘ಮರಳಿ ಮಣ್ಣಿಗೆ’ (1941) ನಮ್ಮ ಕರಾವಳಿಯವರಿಗೆ ಇನ್ನೂ ಸಲೀಸು. ಕಥೆ ನಡೆಯುವುದು ಕೋಟದ ಹತ್ತಿರದ ಕೋಡಿಯಲ್ಲಿ. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ. ಹೊನ್ನಾವರದಲ್ಲಿ ಹೊಳೆ ಕಡಲು ಸೇರುವ ಅಳಿವೆಯ ಪಕ್ಕ ಬೆಳೆದವರಿಗೆ ಆ ಉಪ್ಪುಗಾಳಿಯ ಪರಿಚಯ ಬೇಕಿಲ್ಲ. ಪಾರೋತಿ, ಸರಸೋತಿ ನೆರೆಯಲ್ಲಿ ತೇಲಿಬಂದ ಮರ ಹಿಡಿಯುವುದು, ಗದ್ದೆಗಿಳಿದು ದುಡಿಯುವುದು, ಇವೆಲ್ಲ ಹಳತಾಗಿಲ್ಲ. ಆ ಹೆಂಗಸರ ಮಾತು ಕಡಿಮೆ, ಕೆಲಸ ಹೆಚ್ಚು. ಕಾರಂತರು ಅವರನ್ನು ಹೊಗಳುವ ಗೋಜಿಗೂ ಹೋಗುವುದಿಲ್ಲ. ಅವರು ಕೂಡಿಟ್ಟದ್ದನ್ನು ಮನೆಯ ಮಗ ಲಚ್ಚ ಕರಗಿಸುವಾಗ ಓದುಗನ ಹೊಟ್ಟೆ ಉರಿಯುವುದು ಅದಕ್ಕೇ. ಒಂದು ತೊಡಕಿದೆ: ಅಜ್ಜನೂ ರಾಮ, ಮೊಮ್ಮಗನೂ ರಾಮ. ವಂಶವೃಕ್ಷವನ್ನು ಪುಸ್ತಕದ ಮೊದಲ ಖಾಲಿ ಹಾಳೆಯಲ್ಲೇ ಪೆನ್ಸಿಲ್ಲಿನಲ್ಲಿ ಬರೆದುಕೊಳ್ಳಬೇಕು. ಕಿರಿಯ ರಾಮ ಮದರಾಸು, ಮುಂಬಯಿ ಸುತ್ತುವ ಭಾಗ ಸ್ವಲ್ಪ ಸಡಿಲವೇ, ಅಲ್ಲಿ ಬೇಗ ಓದಿದರೆ ನಷ್ಟವಿಲ್ಲ.

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕೈಬಿಟ್ಟವರಲ್ಲಿ ಹೆಚ್ಚಿನವರು ಮೊದಲ ನೂರು ಪುಟಗಳಲ್ಲೇ ಬಿಟ್ಟಿರುತ್ತಾರೆ. ಕಾರಣ ಸರಳ: ಮನೆಗಳು ಹಲವು, ಜೋಡಿಗಳು ಹಲವು, ನಾಯಕ ಯಾರೆಂದು ಹುಡುಕಿದರೆ ಸಿಗುವುದಿಲ್ಲ. ಸಿಂಬಾವಿ, ಹಳೆಮನೆ, ಬೆಟ್ಟಳ್ಳಿ, ಕೋಣೂರು, ಹೂವಳ್ಳಿ ಎಂದು ಹೆಸರು ಗುರುತಿಸಿ, ಯಾರು ಯಾವ ಮನೆಯ ಆಳು ಎಂದು ಎದುರಿಗೆ ಬರೆಯಿರಿ. ಆಳು ಗುತ್ತಿಯ ನಾಯಿ ಹುಲಿಯನನ್ನೂ ಆ ಪಟ್ಟಿಗೆ ಸೇರಿಸಿ, ಅದು ಹಿನ್ನೆಲೆಯ ಪ್ರಾಣಿಯಲ್ಲ. ದಿನಕ್ಕೆ ಒಂದು ಅಧ್ಯಾಯ ಸಾಕು. ತೋಟ, ಅದಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟ, ಕಾಲಿಗೆ ಹತ್ತುವ ಜಿಗಣೆ ಉಂಬಳ ಗೊತ್ತಿರುವ ಸಿದ್ದಾಪುರದ ಓದುಗನಿಗೆ ಬೆಂಗಳೂರಿನವನಿಗಿಂತ ಅರ್ಧ ಕೆಲಸ ಕಡಿಮೆ. ಆದರೂ ಮೊದಲ ಹಳೆಯ ಕಾದಂಬರಿಯಾಗಿ ಇದನ್ನು ಯಾರಿಗೂ ಕೊಡಬಾರದು.

ಯಾವ ಚೀಟಿಯಿಂದಲೂ ಸರಿಹೋಗದ ಪುಸ್ತಕಗಳೂ ಇವೆ. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ (1899) ವಿಧವಾ ವಿವಾಹದ ಪರ ನಿಂತ ಧೈರ್ಯದ ಪುಸ್ತಕ, ನಿಜ. ಆದರೆ ‘ಸದ್ಧರ್ಮ ವಿಜಯ’ ಎಂಬ ಎರಡನೆಯ ಹೆಸರಿನಲ್ಲೇ ತೀರ್ಪು ಕೊಟ್ಟಾಗಿದೆ. ಚರಿತ್ರೆಗಾಗಿ ಓದಬಹುದು, ಕುತೂಹಲಕ್ಕಾಗಿ ಕಷ್ಟ.

ನಮ್ಮ ಹನೇಹಳ್ಳಿಯ ಯಶವಂತ ಚಿತ್ತಾಲರ ‘ಶಿಕಾರಿ’ (1979) ಇದಕ್ಕೆ ತೀರಾ ವಿರುದ್ಧ. ಮುಂಬಯಿಯ ಕಂಪನಿ, ಬೆನ್ನ ಹಿಂದಿನ ಆಪಾದನೆ, ವಿಚಾರಣೆ: ಇಂದಿನ ಆಫೀಸಿನವರಿಗೆ ಅಡಿಟಿಪ್ಪಣಿಯೇ ಬೇಡ. ಇದನ್ನು ಮಾತ್ರ ದಿನಕ್ಕೆ ಹತ್ತು ಪುಟದಂತೆ ಓದಬಾರದು; ಕಥಾನಾಯಕ ನಾಗಪ್ಪನ ಸಂಶಯ ಒಂದರಿಂದ ಇನ್ನೊಂದಕ್ಕೆ ಕೊಂಡಿ ಹಾಕುತ್ತಾ ಹೋಗುತ್ತದೆ, ನಡುವೆ ಬಿಟ್ಟರೆ ಕೊಂಡಿ ಕಳಚುತ್ತದೆ. ಎರಡು ರಜಾದಿನ ಪೂರ್ತಿ ಕೊಡಬೇಕು. ಬಾಲ್ಯದ ನೆನಪಿನ ಭಾಗಗಳನ್ನು ಹಾರಿಸಿ ಕಂಪನಿಯ ಕಥೆಯನ್ನಷ್ಟೇ ಹಿಡಿದವರಿಗೆ ಅವನ ಭಯದ ಬೇರು ಸಿಗುವುದಿಲ್ಲ.