ಕಲ್ಲಿನ ಮನೆ, ಜೊಂಡಿನ ಚಾಪೆ

ಭಾನುವಾರ ಇಂಗ್ಲೆಂಡಿನ ಡರ್ಬಿಶೈರ್‌ನ ಹಾರ್ಡ್‌ವಿಕ್ ಹಾಲ್‌ಗೆ ಹೋಗಿದ್ದೆ. 1590ರ ದಶಕದ ಕಲ್ಲಿನ ಮನೆ. ಕಲ್ಲು ಅಲ್ಲಿನ ಎಸ್ಟೇಟಿನದ್ದೇ. ಕಟ್ಟಿಸಿದವಳು ಬೆಸ್, ಅಂದರೆ ಶ್ರೂಸ್‌ಬರಿಯ ಕೌಂಟೆಸ್ ಎಲಿಜಬೆತ್, ನಾಲ್ಕು ಮದುವೆಯಾದ ಗಟ್ಟಿಗಿತ್ತಿ. ಗೋಪುರಗಳ ನೆತ್ತಿಯಲ್ಲಿ ತನ್ನ ಹೆಸರಿನ ಇ, ಎಸ್ ಅಕ್ಷರಗಳನ್ನು ಕಲ್ಲಿನಲ್ಲೇ ನಿಲ್ಲಿಸಿದ್ದಾಳೆ. (ನಾವು ಗೇಟಿಗೆ ‘ಮಾತೃಕೃಪಾ’ ಅಂತ ಬರೆಸಿ ಸುಮ್ಮನಾಗುತ್ತೇವೆ!) ಗಾಜು ದುಬಾರಿಯಾಗಿದ್ದ ಕಾಲದಲ್ಲಿ ಗೋಡೆಗಿಂತ ಕಿಟಕಿನೇ ಜಾಸ್ತಿ.

ನನಗೆ ಹಿಡಿಸಿದ್ದು ಮಾತ್ರ ನೆಲಕ್ಕೆ ಹಾಸಿದ ಜೊಂಡಿನ ಚಾಪೆ. ಸುಮ್ನೆ ಬಗ್ಗಿ ಮೂಸಿದೆ. ಅಜ್ಜಿ ಮನೆಯ ಪಡಸಾಲೆ ನೆನಪಾಯಿತು.

1950ರಲ್ಲಿ ಮನೆಯ ಒಡೆಯ, ಬೆಸ್ ವಂಶದ ಡೆವನ್‌ಶೈರ್ ಡ್ಯೂಕ್ ತೀರಿಕೊಂಡ ಮೇಲೆ ಆಸ್ತಿಯ ಮೇಲಿನ ಮರಣ ತೆರಿಗೆ ಕಟ್ಟಲು ಈ ಮನೆಯನ್ನೇ ಸರ್ಕಾರಕ್ಕೆ ಕೊಟ್ಟರು. 1959ರಿಂದ ಹಳೆಯ ಕಟ್ಟಡಗಳನ್ನು ಕಾಪಾಡುವ ಸಂಸ್ಥೆ ನ್ಯಾಷನಲ್ ಟ್ರಸ್ಟ್ ನೋಡಿಕೊಳ್ಳುತ್ತಿದೆ. ಅಜ್ಜಿ ಮನೆಯ ಕಲ್ಲುಗಳು ಪಕ್ಕದ ಸೈಟಿನ ಪಾಯಕ್ಕೆ ಹೋದವು. ಚಪ್ಪಡಿಯೊಂದು ಈಗಲೂ ಬಟ್ಟೆ ಒಗೆಯೋ ಕಲ್ಲಾಗಿದೆ.