ಒಂದು ಹಿಡಿ ಮಣ್ಣು

ಬೆಳಿಗ್ಗೆ ಮಳೆ ಸ್ವಲ್ಪ ಹೊತ್ತು ನಿಂತಿತ್ತು. ತರಕಾರಿ ಮಡಿಯ ಹತ್ತಿರ ಹೋಗಿ ಒಂದು ಹಿಡಿ ಮಣ್ಣು ತೆಗೆದುಕೊಂಡು ಗಟ್ಟಿಯಾಗಿ ಹಿಂಡಿದೆ. ಬೆರಳ ಸಂದಿಯಿಂದ ನೀರು ಜಿನುಗಿತು. ಕೈ ಬಿಚ್ಚಿದರೆ ಉಂಡೆ ಹಾಗೇ ಕೂತಿದೆ, ನನ್ನ ಬೆರಳಿನ ಗುರುತುಗಳ ಸಮೇತ. ಹೆಬ್ಬೆರಳಿಂದ ಒತ್ತಿದೆ. ಒಡೆಯಲಿಲ್ಲ, ಚಪ್ಪಟೆಯಾಯಿತು ಅಷ್ಟೇ.

ಅಂದರೆ ಬೀಜ ಬಿತ್ತಲು ಇನ್ನೂ ಸಮಯ ಆಗಿಲ್ಲ.

ಜೇಬಿನಲ್ಲಿದ್ದ ಬಟಾಣಿ ಬೀಜದ ಪೊಟ್ಟಣ ವಾಪಸ್ ತಂದಿಟ್ಟೆ. ಬೇಜಾರಾಯಿತು, ನಿಜ.

ವಸಂತ ಬಂತು ಅಂತ ಕ್ಯಾಲೆಂಡರ್ ಹೇಳುತ್ತದೆ. ಆದರೆ ತಂಪು, ಮಳೆ ಎರಡೂ ಜಾಸ್ತಿ ಇರುವ ಕಡೆ ಮಣ್ಣಿನ ಮಾತನ್ನೇ ಕೇಳಬೇಕು ಅಲ್ವಾ? ಒದ್ದೆ ಮಣ್ಣು ಬೇಗ ಬೆಚ್ಚಗಾಗುವುದಿಲ್ಲ. 5 ಸೆಂ.ಮೀ. ಆಳಕ್ಕೆ ಥರ್ಮಾಮೀಟರ್ ಚುಚ್ಚಿದೆ, 7 ಡಿಗ್ರಿ ತೋರಿಸಿತು. ಬಟಾಣಿ, ಪಾಲಕ್ ಇಷ್ಟರಲ್ಲೂ ನಿಧಾನಕ್ಕೆ ಮೊಳೆಯುತ್ತವೆ. ಬೀನ್ಸ್‌ಗೆ 15 ಡಿಗ್ರಿಯಾದರೂ ಬೇಕು, ಇಲ್ಲದಿದ್ದರೆ ಬೀಜ ಮಣ್ಣಿನೊಳಗೇ ಕೊಳೆಯುತ್ತದೆ. ಟೊಮೆಟೊ ಸಸಿ ಅಂತೂ ಇನ್ನೂ ಎಷ್ಟೋ ದಿನ ಮನೆಯೊಳಗೇ.

ಹಾಗಾಗಿ ಇವತ್ತು ಬಟಾಣಿ ಬಿತ್ತದ ಹಾಗೆ ನನ್ನನ್ನು ತಡೆದದ್ದು ಚಳಿಯಲ್ಲ, ನೀರು. ಇಷ್ಟು ಒದ್ದೆ ಇರುವಾಗ ಅಗೆದರೆ, ಸುಮ್ನೆ ತುಳಿದರೂ ಸಾಕು, ಮಣ್ಣಿನೊಳಗಿನ ಗಾಳಿಯ ಸಂದುಗಳು ಮುಚ್ಚಿಹೋಗುತ್ತವೆ. ಒಣಗಿದ ಮೇಲೆ ಇಟ್ಟಿಗೆಯ ಥರ ಗಟ್ಟಿ. ಎಳೆ ಬೇರು ಪಾಪ ಎಲ್ಲಿಗೆ ಹೋಗಬೇಕು?

ಮಳೆ ನೀರು ಬೀಳದ ಹಾಗೆ ಮಡಿಯ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ನಾಲ್ಕು ಮೂಲೆಗೂ ಕಲ್ಲು ಇಟ್ಟು ಬಂದೆ. ಮುಂದಿನ ವಾರ ಇನ್ನೊಂದು ಹಿಡಿ ಹಿಂಡಿ ನೋಡುತ್ತೇನೆ. ಪುಡಿಪುಡಿಯಾಗಿ ಉದುರಿದರೆ ಆ ದಿನವೇ ಬಟಾಣಿ.

ಇವತ್ತಿನ ಉಂಡೆ ಕಿಟಕಿಯ ಹತ್ತಿರ ಇದೆ. ಹೊರಗೆ ಮತ್ತೆ ಹನಿ ಶುರುವಾಗಿದೆ.